ಹಳೇ ವಿ8ಗೆ ಯಾವ ಕ್ಯಾಮ್? ರಸ್ತೆಯಲ್ಲೇ ಓಡಿಸುವವರಿಗೊಂದು ಹೋಲಿಕೆ

ಅಮೆರಿಕದಲ್ಲಿ ನೆಲೆಸಿರುವ ನಮ್ಮವರಲ್ಲಿ ಕೆಲವರಿಗೆ ಈ ಹುಚ್ಚು ಹತ್ತಿದೆ. ವಾರವಿಡೀ ಕಂಪ್ಯೂಟರ್ ಮುಂದೆ ಕೂತಿದ್ದು, ಶನಿವಾರ ಬಂತೆಂದರೆ ಗ್ಯಾರೇಜಿನಲ್ಲಿ 1969ರ ಕಮಾರೋನೋ, 1970ರ ಷೆವೆಲ್ಲೋ ಬಾನೆಟ್ ಎತ್ತಿ ನಿಲ್ಲುತ್ತಾರೆ. ಅವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಕ್ಯಾಮ್ ಬದಲಾಯಿಸ್ಬೇಕು, ಮೂರು ನೋಡಿಟ್ಟಿದ್ದೀನಿ, ಯಾವುದು ತಗೊಳ್ಳಲಿ?" ಎಂಜಿನ್‌ನ ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಶಾಫ್ಟೇ ಈ ಕ್ಯಾಮ್.

ನಾನು ಮೊದಲು ಆ ಮೂರರ ಹೆಸರು ಕೇಳುವುದಿಲ್ಲ. ಪವರ್ ಬ್ರೇಕ್ ಇದೆಯಾ? ಆಟೋಮ್ಯಾಟಿಕ್ಕಾ, ನಾಲ್ಕು ಗೇರಿನ ಮ್ಯಾನ್ಯುಯಲ್ಲಾ? ಹಿಂದಿನ ಆಕ್ಸಲ್ ರೇಷಿಯೋ (ಚಕ್ರ ಒಂದು ಸುತ್ತು ತಿರುಗಲು ಡ್ರೈವ್‌ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವುದು) ಎಷ್ಟು? ಕಂಪ್ರೆಷನ್ (ಪಿಸ್ಟನ್ ಗಾಳಿ-ಪೆಟ್ರೋಲನ್ನು ಎಷ್ಟು ಪಟ್ಟು ಒತ್ತಿ ಕುಗ್ಗಿಸುತ್ತದೆ ಅನ್ನುವುದು) ಎಷ್ಟು? ಇಷ್ಟಕ್ಕೆ ಉತ್ತರ ಸಿಕ್ಕರೆ ಮೂರರಲ್ಲಿ ಎರಡು ಕ್ಯಾಮ್ ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ.

ಉದಾಹರಣೆಗೆ ಷೆವರ್ಲೆ ಸ್ಮಾಲ್ ಬ್ಲಾಕ್ 350 ಇಟ್ಟುಕೊಳ್ಳೋಣ. 350 ಅಂದರೆ ಎಂಜಿನ್‌ನ ಗಾತ್ರ, ಘನ ಇಂಚಿನಲ್ಲಿ. 1967ರ ಕಮಾರೋದಲ್ಲಿ ಮೊದಲು ಬಂದ 5.7 ಲೀಟರ್ ಎಂಜಿನ್. ಅದಕ್ಕೆ ಸಿಗುವ ಕ್ಯಾಮ್‌ಗಳಿಗೆ ಲೆಕ್ಕವಿಲ್ಲ, ಹಾಗಾಗಿ ಗೊಂದಲವೂ ಜಾಸ್ತಿ. ಕಾರು ಓಡುವುದು ಮಾಮೂಲಿ ರಸ್ತೆಯಲ್ಲಿ, ಸಿಗ್ನಲ್ಲು, ಹೈವೇ, ಒಮ್ಮೊಮ್ಮೆ ಕಾರ್ ಷೋ. ಡ್ರ್ಯಾಗ್ ಸ್ಟ್ರಿಪ್‌ಗೆ ಹೋದರೂ ವರ್ಷಕ್ಕೊಂದು ಸಲ. ಹೀಗಂತ ಇಟ್ಟುಕೊಂಡೇ ಮುಂದಿನದ್ದೆಲ್ಲ ಹೇಳುತ್ತಿದ್ದೇನೆ.

ಕ್ಯಾಮ್ ಜೊತೆ ಬರುವ ಕಾರ್ಡ್‌ನಲ್ಲಿರುವ ಅಂಕಿಗಳು

ಕ್ಯಾಮ್ ಅಂದರೆ ಉಬ್ಬುಗಳಿರುವ ಒಂದು ಶಾಫ್ಟ್. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಇದು ಒಂದು ಸುತ್ತು ತಿರುಗುತ್ತದೆ. ಉಬ್ಬಿಗೆ ಲೋಬ್ ಅನ್ನುತ್ತಾರೆ. ಲೋಬ್ ಲಿಫ್ಟರನ್ನು ಎತ್ತುತ್ತದೆ, ಲಿಫ್ಟರ್ ಪುಶ್‌ರಾಡನ್ನು, ಅದು ರಾಕರನ್ನು, ರಾಕರ್ ವಾಲ್ವನ್ನು ತೆರೆಯುತ್ತದೆ. ವಾಲ್ವ್ ಎಷ್ಟು ತೆರೆಯಿತು ಅನ್ನುವುದು ಲಿಫ್ಟ್. ಎಷ್ಟು ಹೊತ್ತು ತೆರೆದಿತ್ತು ಅನ್ನುವುದು ಡ್ಯುರೇಷನ್, ಇದರ ಲೆಕ್ಕ ಕ್ರ್ಯಾಂಕ್ ಡಿಗ್ರಿಯಲ್ಲಿ. ಇನ್‌ಟೇಕ್ ಲೋಬ್‌ನ ನೆತ್ತಿಗೂ ಎಕ್ಸಾಸ್ಟ್ ಲೋಬ್‌ನ ನೆತ್ತಿಗೂ ಇರುವ ಅಂತರ ಲೋಬ್ ಸೆಪರೇಷನ್. ರಸ್ತೆ ಕ್ಯಾಮ್‌ಗಳಲ್ಲಿ ಇದು ಸಾಮಾನ್ಯವಾಗಿ 107ರಿಂದ 114 ಡಿಗ್ರಿ.

ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವ ಡ್ಯುರೇಷನ್ ಇಟ್ಟುಕೊಂಡು ಹೋಲಿಸಬೇಡಿ. ಲಿಫ್ಟರ್ ಎಷ್ಟು ಎದ್ದ ಮೇಲೆ ಅಳತೆ ಶುರುಮಾಡಬೇಕು ಅನ್ನುವುದು ಒಂದೊಂದು ಕಂಪನಿಗೆ ಒಂದೊಂದು ಥರ. ಲಿಫ್ಟರ್ 0.050 ಇಂಚು ಎದ್ದಾಗ ಅಳೆದ ಡ್ಯುರೇಷನ್ ಮಾತ್ರ ಎಲ್ಲರಿಗೂ ಸಮಾನ. ಈ ಬರಹದಲ್ಲಿ ಬರುವ ಡ್ಯುರೇಷನ್ ಎಲ್ಲವೂ ಅದೇ. ಮೊದಲ ಅಂಕಿ ಇನ್‌ಟೇಕ್, ಎರಡನೆಯದು ಎಕ್ಸಾಸ್ಟ್.

ಈಗ ಒಂದು ಸಣ್ಣ ಲೆಕ್ಕ. ನನ್ನ ಪ್ರಕಾರ ಕ್ಯಾಟಲಾಗ್‌ನ ವರ್ಣನೆ ಎಲ್ಲಕ್ಕಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಡ್ಯುರೇಷನ್ ಕೂಡಿಸಿ ಅರ್ಧ ಮಾಡಿ. ಅದರಿಂದ ಲೋಬ್ ಸೆಪರೇಷನ್‌ನ ಎರಡರಷ್ಟು ಕಳೆಯಿರಿ. ಉಳಿಯುವುದು ಓವರ್‌ಲ್ಯಾಪ್, ಅಂದರೆ ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು. ಐಡ್ಲಿಂಗ್ ಹೇಗಿರುತ್ತದೆ, ಬ್ರೇಕಿಗೆ ವ್ಯಾಕ್ಯೂಮ್ ಎಷ್ಟು ಸಿಗುತ್ತದೆ ಅನ್ನುವುದನ್ನು ಮುಖ್ಯವಾಗಿ ಇದೇ ತೀರ್ಮಾನಿಸುತ್ತದೆ.

ಕಾಂಪ್ ಕ್ಯಾಮ್ಸ್ ಕಂಪನಿಯ ಎಕ್ಸ್‌ಇ268ಎಚ್ ನೋಡಿ: 224/230, ಸೆಪರೇಷನ್ 110. ಅರ್ಧ 227, ಅದರಿಂದ 220 ಕಳೆದರೆ 7. ಈಗ 1960ರ ದಶಕದ ಷೆವರ್ಲೆ 327ರ ಎಲ್79 ಎಂಜಿನ್‌ನ ಕ್ಯಾಮ್: 222/222, ಸೆಪರೇಷನ್ 114. ಉತ್ತರ ಮೈನಸ್ 6. ಡ್ಯುರೇಷನ್ ನೋಡಿದರೆ ಎರಡೂ ಅಣ್ಣತಮ್ಮಂದಿರು. ಐಡ್ಲಿಂಗ್‌ನಲ್ಲಿ ಕೇಳಿದರೆ ಒಂದೇ ಮನೆಯವೇ ಅಂತ ಅನುಮಾನ ಬರುತ್ತದೆ. ಅಂದಹಾಗೆ, ಮೈನಸ್ ಅಂದರೆ ಓವರ್‌ಲ್ಯಾಪ್ ಇಲ್ಲವೇ ಇಲ್ಲ ಅಂತಲ್ಲ, 0.050 ಎತ್ತರದಲ್ಲಿ ಇಲ್ಲ ಅಂತ ಅಷ್ಟೇ.

ಮೊದಲು ನಿಮ್ಮ ಕಾರು

ಬ್ರೇಕಿನಿಂದ ಶುರು ಮಾಡಿ. ಪವರ್ ಬ್ರೇಕಿನ ಬೂಸ್ಟರ್ ಕೆಲಸ ಮಾಡುವುದು ಎಂಜಿನ್ ವ್ಯಾಕ್ಯೂಮ್‌ನಿಂದ. ಸ್ಟಾಕ್, ಅಂದರೆ ಕಾರ್ಖಾನೆಯಿಂದ ಬಂದ ಹಾಗೇ ಇರುವ 350 ಐಡ್ಲಿಂಗ್‌ನಲ್ಲಿ 18 ಇಂಚಿನ (ಪಾದರಸದ ಅಳತೆ) ಆಸುಪಾಸು ವ್ಯಾಕ್ಯೂಮ್ ಕೊಡುತ್ತದೆ. ಸುಮಾರು 15 ಇಂಚಿಗಿಂತ ಕೆಳಗೆ ಹೋದಂತೆ ಪೆಡಲ್ ಗಟ್ಟಿಯಾಗುತ್ತಾ ಬರುತ್ತದೆ. ಪಾರ್ಕಿಂಗ್‌ನಲ್ಲಿ ಮೆಲ್ಲಗೆ ಹಿಂದೆ ಮುಂದೆ ಮಾಡುವಾಗ ಎರಡು ಸಲ ಪೆಡಲ್ ಒತ್ತಿ, ಮೂರನೇ ಸಲ ಒತ್ತಿದಾಗ ಕಲ್ಲು ಒತ್ತಿದ ಹಾಗೆ ಆಗುತ್ತದಲ್ಲ, ಅದೇ ಇದು. ವ್ಯಾಕ್ಯೂಮ್ ಪಂಪ್ ಅಥವಾ ಹೈಡ್ರೋಬೂಸ್ಟ್ (ಪವರ್ ಸ್ಟೀರಿಂಗ್ ಪಂಪಿನ ಒತ್ತಡದಿಂದ ನಡೆಯುವ ಬೂಸ್ಟರ್) ಹಾಕಿ ಸರಿಮಾಡಬಹುದು, ಆದರೆ ಆ ದುಡ್ಡನ್ನೂ ಕ್ಯಾಮ್‌ನ ಬೆಲೆಗೆ ಸೇರಿಸಿಕೊಳ್ಳಿ.

ಎರಡನೆಯದು ಗೇರಿಂಗ್. ಟೈರ್ 26 ಇಂಚು, ಆಕ್ಸಲ್ 3.08, ಓವರ್‌ಡ್ರೈವ್ ಇಲ್ಲ ಅಂದುಕೊಳ್ಳಿ. ಗಂಟೆಗೆ 60 ಮೈಲಿಯಲ್ಲಿ ಎಂಜಿನ್ ತಿರುಗುವುದು ಸುಮಾರು 2,400 ಆರ್‌ಪಿಎಂ. ಅದೇ ಕಾರಿಗೆ 3.73 ಹಾಕಿದರೆ 2,900. ದೊಡ್ಡ ಕ್ಯಾಮ್‌ನ ಬಲ ಇರುವುದು ಮೇಲಿನ ಆರ್‌ಪಿಎಂನಲ್ಲಿ. 3.08 ಆಕ್ಸಲ್ ಇರುವ ಕಾರು ಅಲ್ಲಿಗೆ ತಲುಪುವುದೇ ಅಪರೂಪ, ತಲುಪುವಷ್ಟರಲ್ಲಿ ಮುಂದಿನ ಸಿಗ್ನಲ್ ಬಂದಿರುತ್ತದೆ. ಜೊತೆಗೆ ಆಟೋಮ್ಯಾಟಿಕ್ ಆದರೆ ಎಂಜಿನ್‌ನಿಂದ ಗೇರ್‌ಬಾಕ್ಸಿಗೆ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ನೋಡಬೇಕು. ಸ್ಟಾಕ್ ಕನ್ವರ್ಟರ್ 1,600–1,800ರ ಸುತ್ತ ಹಿಡಿಯುತ್ತದೆ. ಕ್ಯಾಮ್ ಎಚ್ಚರವಾಗುವುದೇ 2,200ಕ್ಕೆ ಆದರೆ ಡ್ರೈವ್‌ಗೆ ಹಾಕಿದ ತಕ್ಷಣ ಎಂಜಿನ್ ಉಸಿರುಕಟ್ಟಿ ನಿಂತುಬಿಡುತ್ತದೆ, ಇಲ್ಲವೇ ಬ್ರೇಕ್ ಮೇಲೆ ನಿಂತೇ ಕಾರು ಮುಂದಕ್ಕೆ ತಳ್ಳುತ್ತಿರುತ್ತದೆ. ಮ್ಯಾನ್ಯುಯಲ್ ಇರುವವರಿಗೆ ಈ ತಲೆನೋವು ಇಲ್ಲ, ಅವರು ಒಂದು ಸೈಜ್ ದೊಡ್ಡದಕ್ಕೆ ಹೋಗಬಹುದು.

ಮೂರನೆಯದು ಕಂಪ್ರೆಷನ್, ಇಲ್ಲೇ ತುಂಬಾ ಜನ ಎಡವುವುದು. ಡ್ಯುರೇಷನ್ ಜಾಸ್ತಿಯಾದಂತೆ ಇನ್‌ಟೇಕ್ ವಾಲ್ವ್ ಮುಚ್ಚುವುದು ತಡವಾಗುತ್ತದೆ. ಪಿಸ್ಟನ್ ಮೇಲೇರಲು ಶುರುಮಾಡಿದರೂ ವಾಲ್ವ್ ಇನ್ನೂ ತೆರೆದೇ ಇರುತ್ತದೆ. ನಿಧಾನವಾಗಿ ಓಡುವಾಗ, ಒಳಗೆ ಬಂದ ಗಾಳಿ-ಪೆಟ್ರೋಲ್‌ನಲ್ಲಿ ಒಂದಿಷ್ಟು ವಾಪಸ್ ಮ್ಯಾನಿಫೋಲ್ಡಿಗೇ ಹೋಗುತ್ತದೆ. ಸಿಲಿಂಡರಿನ ಒತ್ತಡ ಇಳಿಯುತ್ತದೆ, ಪಿಕಪ್ ಸತ್ತುಹೋಗುತ್ತದೆ. ಜನರಲ್ ಮೋಟರ್ಸ್ 1971ರಲ್ಲಿ ಕಡಿಮೆ ಸೀಸದ ಪೆಟ್ರೋಲ್‌ಗೆ ಒಗ್ಗುವಂತೆ ತನ್ನ ಎಂಜಿನ್‌ಗಳ ಕಂಪ್ರೆಷನ್ ಇಳಿಸಿತು. ಆಮೇಲಿನ ಎಷ್ಟೋ 350ಗಳು 8.5ರ ಆಸುಪಾಸಿನವು. ಅವಕ್ಕೆ ದೊಡ್ಡ ಕ್ಯಾಮ್ ಹಾಕಿದರೆ ಕಡಿಮೆ ಆರ್‌ಪಿಎಂನಲ್ಲಿ ಇದ್ದ ಬಲವೂ ಹೋಯಿತು.

ತಿರುಗಾಮುರುಗಾ ಕೂಡ ನಿಜ. 1970ರ 300 ಹಾರ್ಸ್‌ಪವರ್‌ನ 350ಗೆ ಕಂಪ್ರೆಷನ್ 10.25, ಕ್ಯಾಮ್ ಮಾತ್ರ ತೀರಾ ಚಿಕ್ಕದು. ಆಗಿನ ಸೀಸದ ಪ್ರೀಮಿಯಂ ಪೆಟ್ರೋಲ್ ಇಂದು ಬಂಕಿನಲ್ಲಿ ಸಿಗುವುದಿಲ್ಲ. ಅಂಥ ಎಂಜಿನ್ ಏರು ಹತ್ತುವಾಗ ಕಟಕಟ ಅಂತ ನಾಕ್ ಹೊಡೆಯುತ್ತಿದ್ದರೆ, ಸ್ವಲ್ಪ ದೊಡ್ಡ ಕ್ಯಾಮ್ ಅದಕ್ಕೆ ಒಳ್ಳೆಯದನ್ನೇ ಮಾಡುತ್ತದೆ. (ಊರಿನಿಂದ ಹೊಸದಾಗಿ ಬಂದವರಿಗೆ: ಅಮೆರಿಕದ ಪಂಪಿನ 87 ಅಂದರೆ ನಮ್ಮ ಬಂಕಿನ 91ಕ್ಕೆ ಹತ್ತಿರ. ಅಳೆಯುವ ಕ್ರಮ ಬೇರೆ, ಪೆಟ್ರೋಲ್ ಕೀಳಲ್ಲ.)

ಕೊನೆಯದಾಗಿ ಹೆಡ್, ಅಂದರೆ ಸಿಲಿಂಡರುಗಳ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ. ಸ್ಟಾಕ್ ಹೆಡ್‌ನ ಸ್ಪ್ರಿಂಗ್‌ಗಳು ಹಳೆಯವು, ಬಲ ಕಳೆದುಕೊಂಡಿರುತ್ತವೆ. ಹೊಸ ಕ್ಯಾಮ್ ಅಂದರೆ ಹೊಸ ಸ್ಪ್ರಿಂಗ್ ಅಂತಲೇ ಲೆಕ್ಕ ಹಾಕಿ. ಲಿಫ್ಟ್ 0.470–0.480 ಇಂಚಿನ ಹತ್ತಿರ ಬಂದರೆ ಸ್ಪ್ರಿಂಗಿನ ರಿಟೇನರ್ ಕೆಳಗಿಳಿದು ವಾಲ್ವ್ ಗೈಡಿನ ತುದಿಗೆ ತಾಗಬಹುದು, ಅಳೆದೇ ನೋಡಬೇಕು. ಮಾಮೂಲಿ 350 ಹೆಡ್‌ಗಳಲ್ಲಿ ರಾಕರ್ ಸ್ಟಡ್ ಒತ್ತಿ ಕೂರಿಸಿದ್ದು, ಥ್ರೆಡ್ ಇರುವುದಲ್ಲ. ಬಿಗಿ ಸ್ಪ್ರಿಂಗ್ ಹಾಕಿದರೆ ಸ್ಟಡ್ಡೇ ಮೇಲೆ ಎದ್ದು ಬರುತ್ತದೆ.

ಕ್ಯಾಲಿಫೋರ್ನಿಯಾದವರಿಗೆ ಇನ್ನೊಂದು ಮಾತು. 1975 ಮತ್ತು ಅದಕ್ಕಿಂತ ಹಳೆಯ ಕಾರಿಗೆ ಅಲ್ಲಿ ಸ್ಮಾಗ್ ಚೆಕ್ (ಹೊಗೆ ತಪಾಸಣೆ) ಇಲ್ಲ. ನಿಮ್ಮದು 1977ರ ಕಮಾರೋ ಆಗಿದ್ದರೆ ಮುಂದೆ ಓದುವ ಮೊದಲು ಆ ನಿಯಮ ಓದಿ.

ಅಂಗಡಿಯಲ್ಲಿರುವ ಆಯ್ಕೆಗಳು

ಎಲ್ಲಕ್ಕಿಂತ ಸಾಧು 929. ಜನರಲ್ ಮೋಟರ್ಸ್‌ನ ಪಾರ್ಟ್ ನಂಬರಿನ ಕೊನೆಯ ಮೂರು ಅಂಕಿ ಅದು. 195/202, ಸೆಪರೇಷನ್ 112. ಓವರ್‌ಲ್ಯಾಪ್ ಮೈನಸ್ 25ರಷ್ಟು. ಎಷ್ಟೋ 327, 350ಗಳು ಕಾರ್ಖಾನೆಯಿಂದ ಇದೇ ಕ್ಯಾಮ್ ಹೊತ್ತು ಬಂದವು. ಐಡ್ಲಿಂಗ್ ಹೊಲಿಗೆ ಮಷೀನು. ಎಸಿ, ಪವರ್ ಬ್ರೇಕ್, 2.73 ಆಕ್ಸಲ್ ಏನಿದ್ದರೂ ತಕರಾರಿಲ್ಲ. 4,500 ದಾಟಿದರೆ ಸುಸ್ತು. ಕಾರು ಮೂಲ ಸ್ಥಿತಿಯಲ್ಲೇ ಇರಬೇಕು ಅನ್ನುವವರಿಗೆ ಸರಿ. ಉಳಿದವರು ಕ್ಯಾಮ್ ಬಿಚ್ಚುವ ಕಷ್ಟಪಟ್ಟು ಇದನ್ನೇ ಮತ್ತೆ ಹಾಕುವುದರಲ್ಲಿ ಅರ್ಥವಿಲ್ಲ.

ಅದರ ಮೇಲಿನ ಮೆಟ್ಟಿಲು ಎಡೆಲ್‌ಬ್ರಾಕ್ ಪರ್ಫಾರ್ಮರ್. 204/214, ಲಿಫ್ಟ್ 0.420/0.442, ಸೆಪರೇಷನ್ 112, ಓವರ್‌ಲ್ಯಾಪ್ ಮೈನಸ್ 15. ಸದ್ದಿನಲ್ಲಿ ಹೆಚ್ಚೇನೂ ಬದಲಾವಣೆ ಗೊತ್ತಾಗುವುದಿಲ್ಲ, ಗೆಳೆಯರು "ಕ್ಯಾಮ್ ಹಾಕಿದ್ಯಾ?" ಅಂತ ಕೇಳುವುದೂ ಇಲ್ಲ. ಆದರೆ 8.5 ಕಂಪ್ರೆಷನ್, ಸ್ಟಾಕ್ ಕನ್ವರ್ಟರ್, 3.08 ಆಕ್ಸಲ್ ಇರುವ ಷೆವೆಲ್ಲಿಗೆ ಇದಕ್ಕಿಂತ ಹೊಂದುವ ಕ್ಯಾಮ್ ಸಿಗುವುದು ಕಷ್ಟ. ಕಾಲಿಟ್ಟ ಕಡೆ ಟಾರ್ಕ್ ಇರುತ್ತದೆ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನೂರು ಮೈಲಿ ಹೋಗಿ ಬರಬಹುದು.

ಎಕ್ಸ್‌ಇ262ಎಚ್ ನನ್ನ ಮೆಚ್ಚಿನದು. 218/224, ಲಿಫ್ಟ್ 0.462/0.469, ಸೆಪರೇಷನ್ 110. ಓವರ್‌ಲ್ಯಾಪ್ 1. ಐಡ್ಲಿಂಗ್‌ನಲ್ಲಿ ಸಣ್ಣಗೆ ತೂಗಾಡುತ್ತದೆ, ಹಿಂದೆ ನಿಂತವರಿಗೆ ಇದು ಸ್ಟಾಕ್ ಅಲ್ಲ ಅಂತ ಗೊತ್ತಾಗುತ್ತದೆ. ವ್ಯಾಕ್ಯೂಮ್ ಬ್ರೇಕಿಗೆ ಸಾಕಾಗುವ ಗಡಿಯ ಹತ್ತಿರ ನಿಲ್ಲುತ್ತದೆ. ಕಂಪ್ರೆಷನ್ 9ರ ಮೇಲೆ, ಆಕ್ಸಲ್ 3.31ರ ಆಸುಪಾಸು ಇದ್ದರೆ ಸ್ಟಾಕ್ ಕನ್ವರ್ಟರ್‌ನಲ್ಲೂ ನಡೆಯುತ್ತದೆ. ನಾಲ್ಕು ಬ್ಯಾರಲ್ ಕಾರ್ಬ್ಯುರೇಟರ್, ಡ್ಯುಯಲ್ ಪ್ಲೇನ್ ಮ್ಯಾನಿಫೋಲ್ಡ್ ಬೇಕು. ಹೆಡರ್ (ಕೊಳವೆಗಳಿಂದ ಮಾಡಿದ ಎಕ್ಸಾಸ್ಟ್ ಮ್ಯಾನಿಫೋಲ್ಡ್) ಇದ್ದರೆ ಇನ್ನೂ ಒಳ್ಳೆಯದು.

ಇನ್ನು ಎಕ್ಸ್‌ಇ268ಎಚ್. ಎಲ್ಲರೂ ಒಬ್ಬರಿಗೊಬ್ಬರು ಹೇಳಿಕೊಂಡು ಕೊಳ್ಳುವ ಕ್ಯಾಮ್ ಇದು. ಕ್ಯಾಮ್ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಕಂಪನಿ ಹೇಳುವ ವ್ಯಾಪ್ತಿ 1,600ರಿಂದ 5,800 ಆರ್‌ಪಿಎಂ, ಲಿಫ್ಟ್ 0.477/0.480. 9.5 ಕಂಪ್ರೆಷನ್, 3.55 ಅಥವಾ 3.73 ಆಕ್ಸಲ್, 2,000–2,400ರ ಕನ್ವರ್ಟರ್ ಇದ್ದರೆ ಕಾರು ಓಡಿಸುವುದೇ ಒಂದು ಖುಷಿ. ಇಷ್ಟು ಇಲ್ಲದ ಕಾರಿಗೆ ಇದನ್ನು ಹಾಕಿದವರೇ ಜಾಸ್ತಿ. ಅವರು ಆಮೇಲೆ ಕಾರ್ಬ್ಯುರೇಟರನ್ನು ಬಯ್ಯುತ್ತಾ ತಿಂಗಳುಗಟ್ಟಲೆ ಸ್ಕ್ರೂ ತಿರುಗಿಸುತ್ತಾರೆ. ಕನ್ವರ್ಟರ್, ಆಕ್ಸಲ್ ಗೇರ್, ಕೂಲಿ ಎಲ್ಲ ಸೇರಿಸಿದರೆ ಕ್ಯಾಮ್‌ನ ಬೆಲೆ ಅದರಲ್ಲಿ ಚಿಲ್ಲರೆ ಬಾಬ್ತು.

ಎಡೆಲ್‌ಬ್ರಾಕ್ ಪರ್ಫಾರ್ಮರ್ ಆರ್‌ಪಿಎಂ ಹೆಸರಿನಲ್ಲಿ ಪರ್ಫಾರ್ಮರ್‌ನ ತಮ್ಮನಂತೆ ಕಂಡರೂ ಬೇರೆಯೇ ಪ್ರಾಣಿ: 234/244, ಲಿಫ್ಟ್ 0.488/0.510, ಓವರ್‌ಲ್ಯಾಪ್ 15. ಒಳ್ಳೆಯ ಅಲ್ಯೂಮಿನಿಯಂ ಹೆಡ್, ಕಂಪ್ರೆಷನ್, ಗೇರಿಂಗ್ ಎಲ್ಲ ಇರುವವರಿಗೆ. ಪವರ್ ಬ್ರೇಕ್ ಇದ್ದರೆ ಬೇರೆ ದಾರಿ ಹುಡುಕಿಕೊಳ್ಳಬೇಕು.

ಹಳೇ ಕಾರ್ಖಾನೆ ಕ್ಯಾಮ್‌ಗಳ ಮೋಹವೂ ಕೆಲವರಿಗಿದೆ. 1967–69ರ ಝಡ್28 ಕಮಾರೋದ 302 ಎಂಜಿನ್‌ನಲ್ಲಿದ್ದ ಡಂಟೋವ್ 30-30 ಕ್ಯಾಮ್ ಕಾರ್ವೆಟ್‌ನ ಎಂಜಿನಿಯರ್ ಝೋರಾ ಆರ್ಕಸ್-ಡಂಟೋವ್ ಹೆಸರಿನದು. ಎರಡೂ ವಾಲ್ವ್‌ಗೆ 0.030 ಇಂಚು ಟ್ಯಾಪೆಟ್ ಸಂದು ಬಿಡಬೇಕಿತ್ತು, ಅದಕ್ಕೇ 30-30. 254/254. ಸಾಲಿಡ್ ಲಿಫ್ಟರ್ (ಸಂದನ್ನು ಆಯಿಲ್ ಒತ್ತಡದಿಂದ ತಾನೇ ತುಂಬಿಕೊಳ್ಳದ್ದು), ಆಗಾಗ ಟ್ಯಾಪೆಟ್ ಸೆಟ್ಟಿಂಗ್, ಟಿಕ್ ಟಿಕ್ ಸದ್ದು. ಆ 302ಗೆ 11 ಕಂಪ್ರೆಷನ್, ನಾಲ್ಕು ಗೇರಿನ ಮ್ಯಾನ್ಯುಯಲ್, ಗಿಡ್ಡ ಆಕ್ಸಲ್ ಗೇರ್ ಇದ್ದವು. ಇವೇನೂ ಇಲ್ಲದೆ ಕ್ಯಾಮ್ ಒಂದನ್ನೇ ತಂದು ಹಾಕಿದರೆ ಸಿಗುವುದು ಆ ಕಾರಿನ ತೊಂದರೆಗಳು ಮಾತ್ರ. ಹಳೆಯದೇ ಬೇಕು ಅಂದರೆ ಮೇಲೆ ಹೇಳಿದ ಎಲ್79 ಕ್ಯಾಮ್ ನೋಡಿ, 9.5ರ ಮೇಲೆ ಕಂಪ್ರೆಷನ್ ಇರುವ ಮ್ಯಾನ್ಯುಯಲ್ ಕಾರಿಗೆ ಇವತ್ತಿಗೂ ಚೆನ್ನಾಗಿ ಒಪ್ಪುತ್ತದೆ.

ಉಳಿದದ್ದು ಸದ್ದಿನ ಕ್ಯಾಮ್‌ಗಳು. ಕಾಂಪ್‌ನ ಥಂಪರ್ ಅಂಥದ್ದು: 227/241, ಸೆಪರೇಷನ್ 107, ಓವರ್‌ಲ್ಯಾಪ್ 20. ಇನ್‌ಟೇಕ್ ಡ್ಯುರೇಷನ್ ಎಕ್ಸ್‌ಇ268ಎಚ್‌ಗಿಂತ 3 ಡಿಗ್ರಿ ಮಾತ್ರ ಜಾಸ್ತಿ, ಓವರ್‌ಲ್ಯಾಪ್ ಮಾತ್ರ ಸುಮಾರು ಮೂರು ಪಟ್ಟು. ಆ ಧಡ್ ಧಡ್ ಹುಟ್ಟುವುದು ಅಲ್ಲೇ. ಬುಲೆಟ್‌ನ ಸದ್ದಿಗೇ ಬುಲೆಟ್ ಕೊಂಡ ನಾಡಿನವರು ನಾವು, ಇದನ್ನು ಆಸೆಪಡುವವರನ್ನು ಆಡಿಕೊಳ್ಳುವುದಿಲ್ಲ. ಬ್ರೇಕ್ ವ್ಯಾಕ್ಯೂಮ್, ಕೆಳಗಿನ ಪಿಕಪ್ ಮತ್ತು ಮೈಲೇಜ್ ಕೊಟ್ಟು ಸದ್ದು ಕೊಳ್ಳುತ್ತಿದ್ದೇನೆ ಅಂತ ಗೊತ್ತಿದ್ದು ತಗೊಂಡರೆ ಸರಿ. ವೇಗಕ್ಕೆ ಅಂತ ತಗೊಂಡರೆ ಪೇಚಾಡುತ್ತೀರಿ.

ನಿಮ್ಮದು 350 ಅಲ್ಲದಿದ್ದರೆ ಇದೇ ಅಂಕಿಗಳನ್ನು ಹಾಗೇ ಒಯ್ಯಬೇಡಿ. ಫೋರ್ಡ್ 302ಗೆ 224 ಡಿಗ್ರಿ ಸಾಕಷ್ಟು ದೊಡ್ಡದು. ಷೆವಿ 454 ಅಥವಾ ಕ್ರೈಸ್ಲರ್‌ನ ಮೋಪಾರ್ 440 ಅದನ್ನು ಗಮನಕ್ಕೇ ತಗೊಳ್ಳದೆ ನುಂಗಿಬಿಡುತ್ತದೆ. ಎಂಜಿನ್ ದೊಡ್ಡದಾದಷ್ಟೂ ಅದೇ ಕ್ಯಾಮ್ ಸಾಧುವಾಗುತ್ತದೆ.

ಫ್ಲಾಟ್ ಟ್ಯಾಪೆಟ್ಟೋ, ರೋಲರ್ರೋ

ಮೇಲೆ ಹೇಳಿದವೆಲ್ಲ ಫ್ಲಾಟ್ ಟ್ಯಾಪೆಟ್, ಅಂದರೆ ಚಕ್ರವಿಲ್ಲದ, ಸಪಾಟು ಬುಡದ ಲಿಫ್ಟರಿನವು. ಸೈಜ್ ತೀರ್ಮಾನವಾದ ಮೇಲೂ ಈ ಪ್ರಶ್ನೆ ಉಳಿಯುತ್ತದೆ, ದುಡ್ಡಿನ ದೃಷ್ಟಿಯಿಂದ ಇದೇ ದೊಡ್ಡದು.

ಫ್ಲಾಟ್ ಅಂತ ಹೆಸರಷ್ಟೇ. ಹೊಸ ಲಿಫ್ಟರ್ ಎರಡನ್ನು ಬುಡಕ್ಕೆ ಬುಡ ಸೇರಿಸಿ ಹಿಡಿಯಿರಿ, ಸಣ್ಣಗೆ ಅಲ್ಲಾಡುತ್ತವೆ. ಬುಡ ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ. ಲೋಬ್‌ನ ಮೈಯೂ ಒಂದು ಕಡೆಗೆ ಕೂದಲೆಳೆಯಷ್ಟು ಇಳಿಜಾರು. ಹೀಗಾಗಿ ಲಿಫ್ಟರ್ ಮೇಲೆ ಕೆಳಗೆ ಆಡುವುದರ ಜೊತೆಗೆ ತನ್ನಷ್ಟಕ್ಕೆ ತಾನು ತಿರುಗುತ್ತಿರುತ್ತದೆ, ಸವೆತ ಒಂದೇ ಕಡೆ ಬೀಳುವುದಿಲ್ಲ. ತಿರುಗುವುದು ನಿಂತಿತೋ, ಲೋಬ್ ಕೆಲವೇ ನಿಮಿಷದಲ್ಲಿ ಸವೆದು, ಕಬ್ಬಿಣದ ಪುಡಿ ಎಂಜಿನ್ ತುಂಬಾ ಹರಡುತ್ತದೆ.

ಅದಕ್ಕೇ ಮೊದಲ ಸ್ಟಾರ್ಟ್ ಅಷ್ಟು ಮುಖ್ಯ. ಲೋಬ್‌ಗೆ ಆಯಿಲ್ ಸಿಗುವುದು ಬಹುಪಾಲು ಕ್ರ್ಯಾಂಕ್ ಎರಚುವುದರಿಂದ. ಐಡ್ಲಿಂಗ್‌ನಲ್ಲಿ ಎರಚುವುದು ಕಡಿಮೆ. ಹಾಗಾಗಿ ಸ್ಟಾರ್ಟ್ ಆದ ತಕ್ಷಣ 2,000–2,500 ಆರ್‌ಪಿಎಂಗೆ ಏರಿಸಿ, ಸ್ವಲ್ಪ ಮೇಲೆ ಕೆಳಗೆ ಮಾಡುತ್ತಾ 20–30 ನಿಮಿಷ ಓಡಿಸಬೇಕು. ಅದಕ್ಕೆ ಮೊದಲೇ ಡ್ರಿಲ್‌ನಿಂದ ಆಯಿಲ್ ಪಂಪ್ ತಿರುಗಿಸಿ ಆಯಿಲ್ ಹರಿಸಿರಬೇಕು, ಕಾರ್ಬ್ಯುರೇಟರ್ ತುಂಬಿರಬೇಕು, ಟೈಮಿಂಗ್ ಹತ್ತಿರದಲ್ಲಿರಬೇಕು. ಸೆಲ್ಫ್ ಹೊಡೆಯುತ್ತಾ ಕೂತರೆ ಕ್ಯಾಮ್ ಹೋಯಿತು. ಡಬಲ್ ಸ್ಪ್ರಿಂಗ್ ಇದ್ದರೆ ಒಳಗಿನದನ್ನು ಬ್ರೇಕ್-ಇನ್ ಮುಗಿಯುವವರೆಗೆ ತೆಗೆದಿಡುತ್ತಾರೆ. ಹೊಸ ಕ್ಯಾಮ್ ಮೇಲೆ ಹಳೇ ಫ್ಲಾಟ್ ಲಿಫ್ಟರ್ ಎಂದೂ ಹಾಕಬೇಡಿ.

ಆಯಿಲ್ ಕೂಡ ಮೊದಲಿನದಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಾರದು ಅಂತ, 2004ರ ಎಸ್‌ಎಂ ದರ್ಜೆಯಿಂದ ಮಾಮೂಲಿ ತೆಳು ಆಯಿಲ್‌ಗಳಲ್ಲಿ ಫಾಸ್ಫರಸ್ ಮಿತಿ ಇನ್ನಷ್ಟು ಇಳಿಯಿತು, ಜೊತೆಗೆ ಲೋಬ್ ಕಾಯುವ ಝಿಂಕ್ ಕೂಡ. ಫ್ಲಾಟ್ ಟ್ಯಾಪೆಟ್ ಇರುವವರು ಝಿಂಕ್ ಜಾಸ್ತಿ ಇರುವ ಆಯಿಲ್ಲೇ ಹಾಕಬೇಕು, ಕಾರು ಇಟ್ಟುಕೊಂಡಿರುವಷ್ಟು ಕಾಲ. ವಾಲ್ವೊಲಿನ್ ವಿಆರ್1 ಥರದವು ಅಂಗಡಿಯಲ್ಲೇ ಸಿಗುತ್ತವೆ.

ಹೈಡ್ರಾಲಿಕ್ ರೋಲರ್‌ನಲ್ಲಿ ಲಿಫ್ಟರಿನ ತುದಿಗೆ ಚಕ್ರ. ಈ ಬ್ರೇಕ್-ಇನ್ ವ್ರತ ಇಲ್ಲ, ಆಯಿಲ್ ಚಿಂತೆ ಕಡಿಮೆ. ವಾಲ್ವ್ ಬೇಗ ತೆರೆದು ಬೇಗ ಮುಚ್ಚಬಹುದಾದ್ದರಿಂದ ಅಷ್ಟೇ ಸಾಧು ಐಡ್ಲಿಂಗ್‌ಗೆ ಜಾಸ್ತಿ ಬಲ ಸಿಗುತ್ತದೆ. ಷೆವಿ 1987ರಿಂದ ಕಾರ್ಖಾನೆಯಲ್ಲೇ ರೋಲರ್ ಕೊಟ್ಟಿತು. ಹಳೇ ಬ್ಲಾಕ್‌ಗೆ ಹಾಕಬೇಕಾದರೆ ಜೋಡಿಜೋಡಿಯಾಗಿ ಪಟ್ಟಿಯಿಂದ ಸೇರಿಸಿದ ರೆಟ್ರೋಫಿಟ್ ಲಿಫ್ಟರ್, ಗಿಡ್ಡ ಪುಶ್‌ರಾಡ್, ಬಿಗಿ ಸ್ಪ್ರಿಂಗ್, ಹೊಂದುವ ಡಿಸ್ಟ್ರಿಬ್ಯೂಟರ್ ಗೇರ್ ಬೇಕು. ಇನ್ನೊಂದು ಸಣ್ಣ ಸಾಮಾನು ಜನ ಮರೆಯುತ್ತಾರೆ, ಕ್ಯಾಮ್ ಬಟನ್. ಫ್ಲಾಟ್ ಕ್ಯಾಮ್‌ನ ಲೋಬ್ ಇಳಿಜಾರು ಕ್ಯಾಮನ್ನು ಹಿಂದಕ್ಕೆ ಒತ್ತಿ ಹಿಡಿದಿರುತ್ತದೆ. ರೋಲರ್ ಲೋಬ್ ಸಪಾಟು, ಹಾಗಾಗಿ ಕ್ಯಾಮ್ ಮುಂದಕ್ಕೆ ನಡೆದು ಇಗ್ನಿಷನ್ ಟೈಮಿಂಗ್ ಅಲೆಯುತ್ತದೆ. ಮುಂದೆ ಬಟನ್ ಇಟ್ಟು ತಡೆಯಬೇಕು.

ಖರ್ಚು? ಫ್ಲಾಟ್ ಕ್ಯಾಮ್ ಮತ್ತು ಲಿಫ್ಟರ್ ಸುಮಾರು 250–400 ಡಾಲರ್, ಸ್ಪ್ರಿಂಗ್, ಟೈಮಿಂಗ್ ಚೈನ್, ಗ್ಯಾಸ್ಕೆಟ್ ಬೇರೆ. ರೆಟ್ರೋಫಿಟ್ ರೋಲರ್ ಪೂರ್ತಿ ಸೆಟ್ ಸಾವಿರ ಡಾಲರ್ ದಾಟುವುದು ಮಾಮೂಲಿ.

ನನ್ನ ಅಭಿಪ್ರಾಯ ಹೀಗೆ. ಎಂಜಿನ್ ಹೇಗೂ ಪೂರ್ತಿ ಬಿಚ್ಚಿ ಕಟ್ಟಿಸುತ್ತಿದ್ದು, ಕಾರು ಹತ್ತು ವರ್ಷ ಇಟ್ಟುಕೊಳ್ಳುವವರು ರೋಲರ್‌ಗೆ ಹೋಗಿ. ಎಂಜಿನ್ ಕಟ್ಟಿಸುವ ಬಿಲ್ಲಿನಲ್ಲಿ ಈ ವ್ಯತ್ಯಾಸ ಅಷ್ಟೇನೂ ಕಾಣುವುದಿಲ್ಲ, ಲೋಬ್ ಸವೆದರೆ ಮತ್ತೆ ಬಿಚ್ಚುವ ಖರ್ಚು ಕಾಣುತ್ತದೆ. ಬ್ಲಾಕ್ 1987ರ ನಂತರದ ರೋಲರ್ ಬ್ಲಾಕ್ ಆಗಿದ್ದರಂತೂ ಯೋಚನೆಯೇ ಬೇಡ, ಕಾರ್ಖಾನೆಯ ಲಿಫ್ಟರ್ ಚೆನ್ನಾಗಿದ್ದರೆ ಮತ್ತೆ ಹಾಕಬಹುದು. ಎಂಜಿನ್ ಚೆನ್ನಾಗಿದೆ, ಕೈಯಲ್ಲಿರುವುದು ಐನೂರು ಡಾಲರ್, ಬರೀ ಕ್ಯಾಮ್ ಬದಲಾಯಿಸುತ್ತಿದ್ದೇನೆ ಅನ್ನುವವರಿಗೆ ಫ್ಲಾಟ್ ಸಾಕು. ಅವಸರಪಡದೆ ಬ್ರೇಕ್-ಇನ್ ಮಾಡಿ. ಸ್ಟಾಕ್ ಕಾರಿಗೆ ಪರ್ಫಾರ್ಮರ್ ಸೈಜು, ಹೆಡರ್ ಮತ್ತು 3.31 ಇದ್ದರೆ 262. 3.73, ಕನ್ವರ್ಟರ್ ಎರಡೂ ಈಗಾಗಲೇ ಇದ್ದರೆ 268. "ಆಮೇಲೆ ಹಾಕಿಸ್ತೀನಿ" ಅನ್ನುವ ಗೇರನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಆರ್ಡರ್ ಮಾಡುವ ಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಎಂಜಿನ್, ಕಂಪ್ರೆಷನ್, ಹೆಡ್‌ನ ಕಾಸ್ಟಿಂಗ್ ನಂಬರ್, ಗೇರ್‌ಬಾಕ್ಸ್, ಕನ್ವರ್ಟರ್, ಆಕ್ಸಲ್, ಟೈರ್ ಎತ್ತರ, ಬ್ರೇಕ್. ಕ್ಯಾಮ್ ಕಂಪನಿಗಳಿಗೆ ಟೆಕ್ ಲೈನ್ ಇದೆ, ಫೋನ್ ಮಾಡಿ ಚೀಟಿ ಓದಿ ಹೇಳಿ. ನಿಮ್ಮ ಮನಸ್ಸಿನಲ್ಲಿರುವ ಕ್ಯಾಮ್‌ನ ಹೆಸರು ಮಾತ್ರ ಮೊದಲೇ ಬಾಯಿಬಿಡಬೇಡಿ. ಅವರು ಅದಕ್ಕಿಂತ ಒಂದು ಸೈಜ್ ಚಿಕ್ಕದು ಹೇಳಿದರೆ ವಾದ ಮಾಡಬೇಡಿ. ದೊಡ್ಡದು ಮಾರಿದರೂ ಅವರಿಗೆ ಸಿಗುವುದು ಅಷ್ಟೇ ದುಡ್ಡು.